ಪ್ರಬಂಧದೊಳಗಿನ ಸೇತುವೆ

"ಗೊತ್ತಿಲ್ಲ" ಎಂಬ ಮಾತು ನಮ್ಮ ರೈಟರ್ ಮರುಳಸಿದ್ದಪ್ಪನವರ ಬಾಯಿಂದ ಬಿದ್ದದ್ದನ್ನು ಕರಡಿಬಾಣೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ದಾರಿ ಕೇಳಿಕೊಂಡು ಬಂದ ಪ್ರವಾಸಿಗರಿಗೆ ತಪ್ಪು ದಾರಿಯನ್ನಾದರೂ ಹೇಳಿ ಕಳಿಸುತ್ತಾರೆಯೇ ಹೊರತು ಬರಿಗೈಯಲ್ಲಿ ಕಳಿಸುವ ಜನ ಅವರಲ್ಲ. ಅವರನ್ನು ನಂಬಿ ಮಡಿಕೇರಿಗೆ ಹೊರಟ ಒಂದು ಸಂಸಾರ ಸಂಜೆ ಹೊತ್ತಿಗೆ ಗೋಣಿಕೊಪ್ಪಲಿನಲ್ಲಿ ಇಳಿದು ಮಡಿಕೇರಿಯ ಕೋಟೆ ಎಲ್ಲಿ ಎಂದು ವಿಚಾರಿಸುತ್ತಿತ್ತಂತೆ. ನಮ್ಮ ಜೀಪಿನವರು ಈಗಲೂ ಈ ಕಥೆ ಹೇಳಿ ನಗುತ್ತಾರೆ.

ಮರುಳಸಿದ್ದಪ್ಪನವರು ಮೂಲತಃ ಶನಿವಾರಸಂತೆ ಕಡೆಯವರು. ಅಮ್ಮತ್ತಿಯಿಂದ ಒಳಗಿರುವ ನಮ್ಮ ಊರಿಗೆ ಬಂದು ಇಲ್ಲಿಯ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ರೈಟರಾಗಿದ್ದರು. ರೈಟರ್ ಎಂದರೆ ಕಥೆ ಕವನ ಬರೆಯುವವರೆಂದು ತಿಳಿಯಬೇಡಿ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಅವರು ಕುಯ್ದು ತಂದ ಕಾಫಿ ಹಣ್ಣು ತೂಗಿ ಪುಸ್ತಕದಲ್ಲಿ ಗುರುತಿಸುವುದು, ಪ್ರತಿ ಪುಟದ ಕೊನೆಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕುವುದು ಆ ಕೆಲಸ. ನಿವೃತ್ತಿಯಾದರೂ ಸಹಿ ಹಾಕುವ ಕೈ ಸುಮ್ಮನಿರಲಿಲ್ಲ. ಮೊಮ್ಮಗ ತೇಜಸ್ ನಮ್ಮ ಹೈಸ್ಕೂಲು ಸೇರಿದ್ದೇ ತಡ, ಶಾಲಾ ಸಮಿತಿಯ ಅಧ್ಯಕ್ಷರಾದರು. ಜೊತೆಗೆ ಒಂದು ದುಂಡನೆಯ ಸೀಲೂ ಬಂತು. ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ನಾನು ಅವರ ಪಕ್ಕದ ಮನೆಯವನು. ಊರಿನ ಏಕೈಕ ಜೆರಾಕ್ಸ್ ಅಂಗಡಿ ನನ್ನದು. ಕರಡಿಬಾಣೆಯಿಂದ ಸರ್ಕಾರಕ್ಕೆ ಹೋಗುವ ಕಾಗದವೆಲ್ಲ ನನ್ನ ಮೆಷಿನ್ನಿನೊಳಗೆ ತೂರಿಯೇ ಹೋಗಬೇಕು. ಆದ್ದರಿಂದ ನಾನು ಹೇಳುವುದನ್ನು ನೀವು ನಂಬಬಹುದು.

ಕಳೆದ ದೀಪಾವಳಿ ಮುಗಿದ ಮೇಲೆ ಕನ್ನಡದ ಮೇಡಂ ಹೆರಿಗೆ ರಜೆಗೆ ಹೋದರು. ಅದರ ಬೆನ್ನಿಗೇ ಸುತ್ತೋಲೆ ಬಂತು. ಜನವರಿಯಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬಂದು ಮಕ್ಕಳ ಪ್ರಬಂಧ ಕೇಳುತ್ತಾರೆ, ವಿಷಯ "ನನ್ನ ಶಾಲೆಯ ದಾರಿ". ಹೆಡ್ಮಾಸ್ಟರು ಗಣಿತದವರು. ಸಮಿತಿಯ ಸಭೆಯಲ್ಲಿ ಅವರು ತಲೆ ಮೇಲೆ ಕೈಹೊತ್ತು, "ಪ್ರಬಂಧ ಯಾರು ಹೇಳಿಕೊಡ್ತೀರಪ್ಪ?" ಎಂದರು. ಎಲ್ಲರೂ ಕಾಲ ಬೆರಳು ನೋಡಿಕೊಂಡರು. ಒಬ್ಬರನ್ನು ಬಿಟ್ಟು.

"ಪ್ರಬಂಧ ಅಂದ್ರೆ ಏನ್ ಮಹಾ? ನಂಗೆ ನೀರು ಕುಡಿದಂಗೆ" ಎಂದರು ಮರುಳಸಿದ್ದಪ್ಪನವರು.

ಆ ದಿನವೇ ಅವರು ನನ್ನ ಅಂಗಡಿಗೆ ಬಂದು ತೇಜಸ್‌ನ ವ್ಯಾಕರಣ ಗೈಡಿನ ಎಂಟು ಪುಟ ಜೆರಾಕ್ಸ್ ಮಾಡಿಸಿಕೊಂಡರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಉಪಮೆ, ರೂಪಕ, ಉತ್ಪ್ರೇಕ್ಷೆ. ಇಷ್ಟನ್ನೂ ಒಂದು ರಾತ್ರಿಯಲ್ಲಿ ಓದಿ ಮುಗಿಸಿ ಮರುದಿನ ಒಂಬತ್ತನೇ ಕ್ಲಾಸಿಗೆ ಹಾಜರಾದರು.

ಅವರು ಪಾಠ ಮಾಡಿದ್ದು ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. "ಪೀಠಿಕೆ ಅಂದ್ರೆ ಬೆಳಿಗ್ಗೆ ಹಾಜರಿ ಕೂಗೋದು. ಯಾರ್ಯಾರು ಬಂದವ್ರೆ ಅಂತ ಹೇಳೋದು. ನಿರೂಪಣೆ ಅಂದ್ರೆ ಪಿಕ್ಕಿಂಗು, ಹಣ್ಣು ಕುಯ್ಯೋದು. ಉಪಸಂಹಾರ ಅಂದ್ರೆ ಸಂಜೆ ತೂಕ. ತೂಕದಲ್ಲಿ ಕಮ್ಮಿ ಬರಬಾರ್ದು, ತಿಳೀತಾ?" ಪುಟಕ್ಕೆ ಐದು ಉಪಮೆ, ಎರಡು ಗಾದೆ, ಒಂದು ಉತ್ಪ್ರೇಕ್ಷೆ ಎಂದು ನಿಗದಿಯಾಯಿತು. ಕಮ್ಮಿ ಬಂದವರಿಗೆ ಅರ್ಧ ದಿನದ ಹಾಜರಿ.

ತೂಕಕ್ಕೆ ತಕ್ಕ ಬೆಲೆ ಎಂದರೆ ಪಿಕ್ಕಿಂಗಿನವರು ಏನು ಮಾಡುತ್ತಾರೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಹಣ್ಣಿನ ಜೊತೆ ಕಾಯಿ, ಎಲೆ, ಕಡ್ಡಿ ಎಲ್ಲ ಚೀಲಕ್ಕೆ ಬೀಳುತ್ತದೆ. ಮಕ್ಕಳೂ ಅದನ್ನೇ ಮಾಡಿದರು. ಹೆಡ್ಮಾಸ್ಟರ ಬೋಳುತಲೆ ಹುಣ್ಣಿಮೆಯ ಚಂದ್ರನಂತೆ ಆಯಿತು, ಬಿಸಿಯೂಟದ ಸಾರು ಗಂಗೆಯಂತೆ ಹರಿಯಿತು, ಶಾಲೆಯ ಶೌಚಾಲಯ ಕಮಲದಂತೆ ಅರಳಿತು. ಮರುಳಸಿದ್ದಪ್ಪನವರು ಕನ್ನಡಕ ಏರಿಸಿ ಉಪಮೆಗಳನ್ನು ಒಂದೊಂದಾಗಿ ಎಣಿಸಿ, ಪ್ರತಿ ಪುಟದ ಕೆಳಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕಿ ಸೀಲು ಒತ್ತಿದರು.

ತೇಜಸ್ ತನ್ನ ಪ್ರಬಂಧದಲ್ಲಿ ಹೀಗೆ ಬರೆದ: "ನನ್ನ ಶಾಲೆಯ ದಾರಿಯಲ್ಲಿ ತೋಡಿನ ಮೇಲಿರುವ ಭವ್ಯವಾದ ಸೇತುವೆಯು ಕಾಮನಬಿಲ್ಲಿನಂತೆ ಕಂಗೊಳಿಸುತ್ತದೆ."

ಇದನ್ನು ಕೇಳಿ ಹಿಂದಿನ ಬೆಂಚಿನಲ್ಲಿದ್ದ ಬೆಳ್ಳಿ ಎದ್ದು ನಿಂತಳು. ಅವಳ ಮನೆ ತೋಡಿನ ಆಚೆ ದಡದ ಲೈನಿನಲ್ಲಿ, ಎಸ್ಟೇಟಿನ ಆಳುಗಳ ಮನೆಸಾಲಿನಲ್ಲಿ. "ಸಾರ್, ಅಲ್ಲಿ ಸೇತುವೆನೇ ಇಲ್ವಲ್ಲ?"

"ತೋಡಿನ ಮೇಲೆ ಇಲ್ಲದಿದ್ರೆ ಏನಾಯ್ತು? ಪ್ರಬಂಧದಲ್ಲಿ ಐತಲ್ಲ. ಕೂತ್ಕೋ" ಎಂದರು ಗುರುಗಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ತೋಡಿಗೆ, ಅಂದರೆ ಹಳ್ಳಕ್ಕೆ, ಎರಡು ಸಿಲ್ವರ್ ಓಕ್ ದಿಮ್ಮಿ ಅಡ್ಡ ಹಾಕಿ ಜನ ದಾಟುತ್ತಿದ್ದರು. ಜೂನ್ ಬಂತೆಂದರೆ ದಿಮ್ಮಿಗಳು ಕೊಚ್ಚಿಹೋಗಿ, ಲೈನಿನ ಆರು ಮಕ್ಕಳಿಗೆ ಆಗಸ್ಟ್ ಮುಗಿಯುವ ತನಕ ಶಾಲೆ ಇಲ್ಲ. ಬೆಳ್ಳಿಯ ತಾಯಿ ಚೋಮಿ ಎಸ್ಟೇಟಿನಲ್ಲಿ ಕೆಲಸ ಮಾಡುವ ಹೆಂಗಸು. ನಾಲ್ಕು ವರ್ಷದಿಂದ ಕಾಲುಸೇತುವೆಗೆಂದು ಅರ್ಜಿ ಕೊಡುತ್ತಲೇ ಬಂದಿದ್ದಳು. ಡಿಸೆಂಬರಿನಲ್ಲಿ ಎಂಜಿನಿಯರ್ ಧರ್ಮಪಾಲ ಎನ್ನುವವರು ಬಂದು ಟೇಪು ಹಿಡಿದು ಅಳೆದು, ಮಾರ್ಚಿನಲ್ಲಿ ಕೆಲಸ ಶುರು ಎಂದು ಹೇಳಿ ಹೋಗಿದ್ದರು. ಬರುವ ಜೂನಿಗೆ ಬೆಳ್ಳಿ ಹತ್ತನೇ ಕ್ಲಾಸು. ಈ ಸಲ ಮೂರು ತಿಂಗಳು ತಪ್ಪಿಸಿದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ ಎಂದು ಹೆಡ್ಮಾಸ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಜನವರಿಯಲ್ಲಿ ದೊಡ್ಡ ಸಾಹೇಬರು ಬಂದರು. ತೇಜಸ್ ಪ್ರಬಂಧ ಓದಿದ. ಕಾಮನಬಿಲ್ಲಿನ ಹತ್ತಿರ ಬಂದಾಗ ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. "ಆಹಾ, ಎಂಥಾ ಭಾಷೆ! ಬಂದ ದಾರಿಯ ಸೊಬಗು ನಮ್ಮ ಕಣ್ಣಿಗೇ ಬೀಳಲಿಲ್ಲವಲ್ಲ" ಎಂದರು. ಬೀಳುವುದು ಹೇಗೆ, ಅವರು ಬಂದದ್ದು ಡಾಂಬರು ರಸ್ತೆಯಲ್ಲಿ. ಪ್ರಬಂಧವನ್ನು ಶಾಲೆಯ ಮೂಲಸೌಕರ್ಯ ವರದಿಯ ಜೊತೆ ಲಗತ್ತಿಸುವಂತೆ ಸ್ಥಳದಲ್ಲೇ ಅಪ್ಪಣೆಯಾಯಿತು. ಆ ಸಂಜೆ ಮರುಳಸಿದ್ದಪ್ಪನವರು ಅಂಗಡಿ ಅಂಗಡಿಗೆ ಹೋಗಿ ತಮ್ಮನ್ನು ತಾವೇ ಹೊಗಳಿಕೊಂಡು ಬಂದರು.

ಫೆಬ್ರವರಿ ಕೊನೆಗೆ ಚೋಮಿಗೆ ಒಂದು ಪತ್ರ ಬಂತು. ಅವಳು ಅದನ್ನು ನನ್ನಲ್ಲಿ ಓದಿಸಿದಳು. "ಸದರಿ ತೋಡಿಗೆ ಈಗಾಗಲೇ ಕಾಮನಬಿಲ್ಲಿನಂತಹ ಭವ್ಯವಾದ ಸೇತುವೆ ಇರುವುದು ಶಾಲಾ ಸಮಿತಿಯ ಅಧ್ಯಕ್ಷರು ದೃಢೀಕರಿಸಿದ ದಾಖಲೆಯಿಂದ ಕಂಡುಬಂದಿರುವುದರಿಂದ, ತಮ್ಮ ಮನವಿಯನ್ನು ಕೈಬಿಡಲಾಗಿದೆ."

ಅವಳು ನೆಟ್ಟಗೆ ಮರುಳಸಿದ್ದಪ್ಪನವರ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಇಂಥದ್ದಕ್ಕೆ ಅಂಗಡಿ ಮುಚ್ಚದಿದ್ದರೆ ಇನ್ಯಾವುದಕ್ಕೆ ಮುಚ್ಚುವುದು?

"ಎಂತ ರೈಟ್ರೇ ಇದು? ನಾಲ್ಕು ವರ್ಷ ನಾನು ಓಡಿದ್ದು ಕಾಲಿಗೆ ಕೆಲಸ ಇಲ್ಲದೆಯಾ?" ಎಂದಳು ಚೋಮಿ. "ನನ್ನ ಮಗಳು ಪರೀಕ್ಷೆ ಬರೀದಿದ್ರೆ ಅವಳೂ ನನ್ನ ಹಾಗೆ ಚೀಲ ಹೊರ್ಬೇಕು. ಗೊತ್ತುಂಟಾ ನಿಮಗೆ?"

ಮರುಳಸಿದ್ದಪ್ಪನವರ ಹೆಂಡತಿ ಗುರುಸಿದ್ದಮ್ಮನವರು ಒಳಗಿನಿಂದ ಕಾಫಿ ತಂದು ಚೋಮಿಗೆ ಕೊಟ್ಟರು. ಗಂಡನಿಗೆ ತಂದಿರಲಿಲ್ಲ. "ಕೆಲ್ಸ ಇಲ್ಲದ ಬಡಿಗಿ ಏನೋ ಕೆತ್ತಿದ್ನಂತೆ. ಹಾಳಾದ ಸೀಲನ್ನ ಒಲೆಗಾಕಿ ಅಂತ ಬಡ್ಕೊಂಡೆ, ಕೇಳಿದ್ರಾ? ನಾಳೆನೇ ಹೋಗಿ ಸರಿ ಮಾಡ್ಕೊಂಡು ಬನ್ನಿ. ಅಲ್ಲಿಗಂಟ ಈ ಮನೇಲಿ ನಿಮಗೆ ಕಾಫಿ ಇಲ್ಲ."

"ಅದೇನ್ ದೊಡ್ಡ ವಿಷ್ಯ? ಅಲಂಕಾರ ಅಂತ ಒಂದ್ ಮಾತ್ ಹೇಳಿದ್ರೆ ಮುಗೀತು" ಎಂದರು ಮರುಳಸಿದ್ದಪ್ಪನವರು.

ಮರುದಿನ ಅವರೂ ನಾನೂ ಬಸ್ಸಿನಲ್ಲಿ ಮಡಿಕೇರಿಗೆ ಹೋದೆವು. ಕಚೇರಿಯ ಹೆಸರು ಹೇಳುವುದಿಲ್ಲ, ನನ್ನದೂ ಒಂದು ಅರ್ಜಿ ಅಲ್ಲಿದೆ. ಧರ್ಮಪಾಲರು ಕರಾವಳಿಯ ಕಡೆಯವರು, ಸಜ್ಜನರು. ಕೂರಿಸಿ ಫೈಲು ತೆಗೆಸಿದರು.

"ನೀವೇ ಅಲ್ವಾ ಸೀಲ್ ಹಾಕಿದ್ದು?"

"ನಾನೇ ಸ್ವಾಮಿ. ಆದ್ರೆ ಅದು ಬರೀ ಉಪಮೆ. ಸೀತೆಯ ಮುಖ ಕಮಲದಂತೆ ಅರಳಿತು ಅಂತಾರಲ್ಲ, ಹಂಗೆ."

"ಮುಖ ಉಂಟಾ, ಇಲ್ವಾ?"

"ಯಾರದು?"

"ಸೀತೆಯದ್ದು ಮಾರಾಯ್ರೆ."

"ಇರದೆ ಏನು? ಮಹಾತಾಯಿ!"

"ಅಷ್ಟೇ ಅಲ್ವಾ? ಮುಖ ಇದ್ರೆ ತಾನೇ ಕಮಲ? ಸೇತುವೆ ಇದ್ರೆ ತಾನೇ ಕಾಮನಬಿಲ್ಲು? ಹೋಲಿಸ್ಲಿಕ್ಕೆ ಒಂದು ವಸ್ತು ಇರ್ಲೇಬೇಕು. ಅದಕ್ಕೆ ಎಂತದೋ ಹೆಸರುಂಟು…"

"ಉಪಮೇಯ ಸಾರ್" ಎಂದಳು ಪಕ್ಕದ ಮೇಜಿನ ಗುಮಾಸ್ತೆ, ಫೈಲಿನಿಂದ ತಲೆ ಎತ್ತದೆ. "ಉಪಮೇಯ ಇಲ್ಲದೆ ಉಪಮೆ ಆಗಲ್ಲ. ಹೈಸ್ಕೂಲಲ್ಲೇ ಇದೆ."

ಗೈಡಿನ ಎಂಟು ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮರುಳಸಿದ್ದಪ್ಪನವರು ಬೆವರು ಒರೆಸಿಕೊಂಡರು. "ಡಿಸೆಂಬರಲ್ಲಿ ತಾವೇ ಬಂದು ಅಳತೆ ಮಾಡಿದ್ರಲ್ಲ ಸ್ವಾಮಿ, ಆವಾಗ ಸೇತುವೆ ಇತ್ತಾ?"

"ಇರ್ಲಿಲ್ಲ. ಜನವರಿಯಲ್ಲಿ ಬಂದಿದೆ. ಪ್ರಬಂಧದ ತಾರೀಕು ನೋಡಿ."

"ಹಂಗಾದ್ರೆ ಅದು ಉಪಮೆ ಅಲ್ಲ ಬಿಡಿ, ಉತ್ಪ್ರೇಕ್ಷೆ. ಇಲ್ಲದ್ದನ್ನ ಐತೆ ಅಂತ ಕಲ್ಪನೆ ಮಾಡ್ಕೊಳೋದು."

ಧರ್ಮಪಾಲರು ಪೆನ್ನು ಕೆಳಗಿಟ್ಟರು. "ಅಂದ್ರೆ ಇಲ್ಲದ ಸೇತುವೆಯನ್ನು ಉಂಟು ಅಂತ ಸೀಲ್ ಹಾಕಿ ಸರ್ಕಾರಕ್ಕೆ ಕೊಟ್ಟಿದ್ದೀರಿ. ಅದಕ್ಕೆ ನಮ್ಮಲ್ಲಿ ಬೇರೆ ಹೆಸರುಂಟು. ಸೆಕ್ಷನ್ನೂ ಉಂಟು. ಪೊಲೀಸಿಗೆ ಬರೀಬೇಕಾಗ್ತದೆ."

"ಅಯ್ಯಯ್ಯೋ, ಇಲ್ಲ ಸ್ವಾಮಿ! ಉಪಮೆನೇ, ಉಪಮೆನೇ!"

"ಹಾಗಾದ್ರೆ ಸೇತುವೆ ಉಂಟು?"

ಮರುಳಸಿದ್ದಪ್ಪನವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಉಂಟು ಸ್ವಾಮಿ" ಎಂದರು.

ಅದನ್ನೂ ಬರವಣಿಗೆಯಲ್ಲಿ ಕೇಳಿದರು. ಅಭ್ಯಾಸಬಲ, ಕೆಳಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಸೀಲನ್ನೂ ಒತ್ತಿ ಬಂದರು. ಸೇತುವೆ ತರಲು ಹೋದ ಮಹಾನುಭಾವರು ಇದ್ದ ಬಾಗಿಲನ್ನೂ ಮುಚ್ಚಿ ಚಿಲಕ ಹಾಕಿ ಬಂದಂತಾಯಿತು.

ಊರಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಜೀಪಿನವರು ಅವರನ್ನು ಕಂಡಾಗಲೆಲ್ಲ, "ರೈಟ್ರೇ, ನಿಮ್ಮ ಸೇತುವೆ ಮೇಲೆ ಜೀಪು ಹೋಗ್ತದಾ, ಬರೀ ಆಟೋನಾ?" ಎಂದು ಕೇಳತೊಡಗಿದರು. ಅಳಿಯ ಮೈಸೂರಿನಿಂದ ಫೋನು ಮಾಡಿ, ಸೇತುವೆಯ ಫೋಟೋ ಕಳಿಸಿ ಎಂದ. ಗುರುಸಿದ್ದಮ್ಮನವರ ಕಾಫಿ ನಿಷೇಧ ಮುಂದುವರಿಯಿತು. ಕೊಡಗಿನಲ್ಲಿ ಇದ್ದುಕೊಂಡು ನನ್ನ ಮನೆಗೆ ಬಂದು ಕಳ್ಳತನದಲ್ಲಿ ಕಾಫಿ ಕುಡಿಯಬೇಕಾದ ಗತಿ ಬಂತು ಪಾಪ ಅವರಿಗೆ.

ಮಾರ್ಚ್ ಮೂರನೇ ವಾರ ಒಂದು ಗೂಡ್ಸ್ ಆಟೋ ಬಂತು. ಅದರಿಂದ ಇಬ್ಬರು ಪೇಂಟರುಗಳೂ ಏಳು ಡಬ್ಬ ಬಣ್ಣವೂ ಇಳಿದವು.

"ಸೇತುವೆ ಎಲ್ಲಿ ತೋರಿಸಿ. ಮಾರ್ಚ್‌ಗೆ ಸರ್ಕಾರಿ ವರ್ಷದ ಕೊನೆ, ನಿರ್ವಹಣೆ ಕೆಲಸ ಮುಗಿಸ್ಬೇಕು. ಕಾಮನಬಿಲ್ಲಿನ ಬಣ್ಣ ಅಂತ ಆರ್ಡರ್ ಇದೆ."

ಮರುಳಸಿದ್ದಪ್ಪನವರು ಅವರನ್ನು ತೋಡಿನ ಹತ್ತಿರ ಕರೆದುಕೊಂಡು ಹೋದರು. ಪೇಂಟರುಗಳು ನೀರು ನೋಡಿದರು, ದಿಮ್ಮಿ ನೋಡಿದರು, ಅಧ್ಯಕ್ಷರನ್ನು ನೋಡಿದರು. ಬಣ್ಣ ವಾಪಸು ಒಯ್ಯುವ ಹಾಗಿಲ್ಲ, ಹೊಡೆದದ್ದಕ್ಕೆ ಸಹಿ ಬೇಕೇ ಬೇಕು ಎಂದರು. ಅಧ್ಯಕ್ಷರು ಅದಕ್ಕೂ ಸಹಿ ಹಾಕಿ ಕೊಟ್ಟರು. ಕೊನೆಗೆ ಅಧ್ಯಕ್ಷರು ಅಮ್ಮತ್ತಿ ಸಂತೆಗೆ ಹೋಗಿದ್ದ ಹೊತ್ತು ನೋಡಿ, ಅವರ ಮನೆಯ ಮುಂದಿನ ಗೋಡೆಗೆ ಏಳೂ ಬಣ್ಣ ಬಳಿದು, ಎರಡು ಪಟ್ಟೆ ನನ್ನ ಅಂಗಡಿ ಬಾಗಿಲಿಗೂ ಎಳೆದು ಹೊರಟುಹೋದರು.

ಗುರುಸಿದ್ದಮ್ಮನವರು ಅಂಗಳಕ್ಕೆ ಬಂದು ಗೋಡೆ ನೋಡಿ ಹಣೆ ಹಣೆ ಚಚ್ಚಿಕೊಂಡರು. "ನಮ್ಮನೇನ ನರ್ಸರಿ ಸ್ಕೂಲ್ ಮಾಡಿಟ್ರಲ್ಲೋ ಶಿವನೇ!" ಮರುದಿನ ಒಬ್ಬ ತಾಯಿ ನಿಜವಾಗಿಯೂ ಮಗುವನ್ನು ಕರೆದುಕೊಂಡು ಬಂದು ಅಡ್ಮಿಷನ್ ಕೇಳಿದಳು.

ನಗುವವರೆಲ್ಲ ನಕ್ಕರು, ಚೋಮಿ ನಗಲಿಲ್ಲ. ಜೂನಿನ ಮಳೆಗೆ ಉಳಿದಿದ್ದದ್ದು ಎರಡು ತಿಂಗಳು. ಬೆಳ್ಳಿಯನ್ನು ಕುಶಾಲನಗರದ ಹಾಸ್ಟೆಲಿಗೆ ಸೇರಿಸಬಹುದೇ ಎಂದು ವಿಚಾರಿಸಿ ಬಂದಳು, ಸೀಟು ಇರಲಿಲ್ಲ. ಇದನ್ನು ಕೇಳಿದ ದಿನ ಮರುಳಸಿದ್ದಪ್ಪನವರು ನನ್ನ ಅಂಗಡಿಯಲ್ಲಿ ಕೂತು, ಕೊಟ್ಟ ಕಾಫಿಯನ್ನೂ ಕುಡಿಯದೆ, "ಆ ಮಗೀನ ಬಾಳಿಗೆ ಕಲ್ಲು ಹಾಕ್ಬಿಟ್ನಲ್ಲಯ್ಯ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷದಲ್ಲಿ ಅವರು ಆಡಿದ ಅಳತೆಯ ಮಾತು ಅದೊಂದೇ ಇರಬೇಕು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಗುಡುಗು ಆಲಿಕಲ್ಲಿನ ಜೊತೆ ಮಳೆ ಹೊಡೆಯಿತು. ಒಂದೇ ಗಂಟೆಯಲ್ಲಿ ತೋಡು ತುಂಬಿ ಎರಡು ದಿಮ್ಮಿಯೂ ಹೋದವು. ಮಳೆ ನಿಂತ ಮೇಲೆ ಮಕ್ಕಳಿಗೆ ದಿನಾ ನಡೆಯಲಾಗದ ದೂರದ ಸುತ್ತುದಾರಿ ಹಿಡಿದು ಒದ್ದೆಯಾಗಿ ಬಂದ ಚೋಮಿ ನನ್ನ ಅಂಗಡಿಯಲ್ಲಿದ್ದ ಮರುಳಸಿದ್ದಪ್ಪನವರ ಎದುರು ನಿಂತಳು.

"ರೈಟ್ರೇ, ಒಂದು ಕೇಳ್ತೇನೆ. ಆ ಸೇತುವೆ ಬಂದದ್ದು ಎಲ್ಲಿ? ಕಾಗದದಲ್ಲಿ ತಾನೇ?"

"ಹೂಂ ಕಣವ್ವ."

"ಹಾಗಾದ್ರೆ ಕಾಗದದಲ್ಲೇ ಹೋಗ್ಲಿ. ಇವತ್ತಿನ ಮಳೆಗೆ ಕೊಚ್ಚಿಕೊಂಡು ಹೋಯ್ತು ಅಂತ ಬರೀರಿ. ಇಲ್ಲದ್ದನ್ನು ಕೊಡಲಿಕ್ಕೆ ಅವರಿಗೆ ಕಷ್ಟ. ಇದ್ದದ್ದು ಹೋದ್ರೆ ಓಡಿಕೊಂಡು ಬರ್ತಾರೆ."

ಮರುಳಸಿದ್ದಪ್ಪನವರು ಕೂಡಲೇ ಹಾಳೆ ಕೇಳಿದರು. ಅವರ ಜೀವಮಾನದ ಶ್ರೇಷ್ಠ ಪ್ರಬಂಧ ಅಂದು ನನ್ನ ಮೇಜಿನ ಮೇಲೆ ಹುಟ್ಟಿತು. ಪೀಠಿಕೆಯಲ್ಲಿ ಮೋಡ ಕವಿಯಿತು. ನಿರೂಪಣೆಯಲ್ಲಿ ತೋಡು ರಕ್ಕಸಿಯಂತೆ ಉಕ್ಕಿತು, ಸೇತುವೆ ವೀರನಂತೆ ಕೊನೆಯ ತನಕ ಹೋರಾಡಿತು. ಉಪಸಂಹಾರದಲ್ಲಿ ಕಾಮನಬಿಲ್ಲು ಮುರಿದು ಬಿತ್ತು, ಊರಿಗೆ ಊರೇ ಗೋಳೋ ಎಂದು ಅತ್ತಿತು. ಓದುತ್ತಾ ಓದುತ್ತಾ ನನಗೂ ಆ ಸೇತುವೆಯ ಮೇಲೆ ಮಮತೆ ಹುಟ್ಟಿತು.

ಮೂರನೇ ದಿನಕ್ಕೆ ಧರ್ಮಪಾಲರು ಜೀಪಿನಲ್ಲಿ ಬಂದಿಳಿದರು. ತೋಡಿನ ದಡದಲ್ಲಿ ನಿಂತು ಆಚೆ ಈಚೆ ನೋಡಿದರು. ಕಂಬವಿಲ್ಲ, ಕಲ್ಲಿಲ್ಲ, ಸಿಮೆಂಟಿನ ಚೂರಿಲ್ಲ.

"ದೇವರೇ, ಒಂದು ಇಟ್ಟಿಗೆ ಸಹ ಬಿಡ್ಲಿಲ್ವಲ್ಲ! ನನ್ನ ಸರ್ವೀಸಿನಲ್ಲಿ ಇಂಥ ಹಾನಿ ನೋಡಿಲ್ಲ ಮಾರಾಯ್ರೆ."

"ಬುಡಸಮೇತ ಹೋಯ್ತು ಸ್ವಾಮಿ" ಎಂದರು ಮರುಳಸಿದ್ದಪ್ಪನವರು, ಟವೆಲಿನಿಂದ ಕಣ್ಣೊರೆಸಿಕೊಂಡು.

ಧರ್ಮಪಾಲರು ಅವರನ್ನು ಕೊಂಚ ಹೊತ್ತು ನೋಡಿದರು. ನಗು ಬಂತೋ, ಬಿಸಿಲಿಗೆ ಕಣ್ಣು ಕಿರಿದಾಯಿತೋ, ನಾನರಿಯೆ. "ನೂರಕ್ಕೆ ನೂರು ಹಾನಿ" ಎಂದು ಬರೆದುಕೊಂಡು ಹೋದರು. ಪ್ರಕೃತಿ ವಿಕೋಪದ ತುರ್ತು ಕಾಮಗಾರಿಯಲ್ಲಿ, ಮೇ ಕೊನೆಯ ವಾರ, ಗಟ್ಟಿಯಾದ ಕಬ್ಬಿಣದ ಕಾಲುಸೇತುವೆ ಎದ್ದು ನಿಂತಿತು.

ಜೂನಿನ ಮಳೆಯಲ್ಲಿ ತೋಡು ಕೆಂಪಾಗಿ ಮೊರೆಯುತ್ತಿದ್ದರೆ ಲೈನಿನ ಆರು ಮಕ್ಕಳು ಕೊಡೆ ಹಿಡಿದು ಮೇಲಿಂದ ನಡೆದು ಬಂದರು. ಮರುಳಸಿದ್ದಪ್ಪನವರು ಬೆಳಿಗ್ಗೆ ಬೆಳಿಗ್ಗೆ ಸೇತುವೆಯ ಈಚೆ ನಿಂತು ಅವರ ಹಾಜರಿ ತೆಗೆದುಕೊಳ್ಳುತ್ತಿದ್ದರು. ಬೆಳ್ಳಿ ಒಂದು ದಿನವೂ ತಪ್ಪಿಸಲಿಲ್ಲ. ಮನೆಯಲ್ಲಿ ಅವರಿಗೆ ಕಾಫಿ ಮರಳಿ ಸಿಕ್ಕಿತು.

ಇಲ್ಲಿಗೆ ಮುಗಿಯಬೇಕಿತ್ತು. ಜುಲೈಯಲ್ಲಿ ಒಂದು ನೋಟಿಸು ಬಂತು. "ಸರ್ಕಾರದ ಸ್ವತ್ತಾದ ಹಳೆಯ ಸೇತುವೆಯನ್ನು, ಏಳು ಬಣ್ಣ ಬಳಿದ ಒಂದೇ ತಿಂಗಳಲ್ಲಿ ಕೊಚ್ಚಿಹೋಗುವಂತೆ ನಿರ್ಲಕ್ಷಿಸಿದ ಬಗ್ಗೆ ಸಮಿತಿಯ ಅಧ್ಯಕ್ಷರು ಸಮಜಾಯಿಷಿ ನೀಡತಕ್ಕದ್ದು."

ಮರುಳಸಿದ್ದಪ್ಪನವರು ಅದನ್ನು ಎರಡು ಸಲ ಓದಿದರು. "ಸಾಕಪ್ಪ. ಇನ್ನೊಂದು ಸುಳ್ಳು ನನ್ ಕೈಲಾಗಲ್ಲ" ಎಂದರು. ಪೀಠಿಕೆ ಇಲ್ಲದೆ, ಉಪಮೆ ಇಲ್ಲದೆ, ಗಾದೆ ಇಲ್ಲದೆ, ಎರಡೇ ಸಾಲು ಬರೆದರು: "ಅಲ್ಲಿ ಹಳೆಯ ಸೇತುವೆ ಎಂಬುದು ಯಾವತ್ತೂ ಇರಲಿಲ್ಲ. ಇದೆ ಎಂದು ಸಹಿ ಹಾಕಿದ್ದು ನನ್ನ ತಪ್ಪು." ಜೈಲಿಗೆ ಹೋದರೆ ಬೇಕಾದೀತೆಂದು ಗುರುಸಿದ್ದಮ್ಮನವರು ಎರಡು ಜೊತೆ ಬಟ್ಟೆ ಮಡಿಸಿಟ್ಟರು.

ಹದಿನೈದು ದಿನಕ್ಕೆ ಉತ್ತರ ಬಂತು.

"ತಮ್ಮ ಸಮಜಾಯಿಷಿ ತಲುಪಿದೆ. ಅದು ಬರೀ ಉತ್ಪ್ರೇಕ್ಷೆಯಿಂದ ಕೂಡಿರುವುದರಿಂದ ಒಪ್ಪಲು ಬರುವುದಿಲ್ಲ. ದಯವಿಟ್ಟು ವಾಸ್ತವಾಂಶವನ್ನು ಮಾತ್ರ ಬರೆದು ಕಳುಹಿಸುವುದು."